ಸೊಪ್ಪಿನ ಸಾರಿಗೆ ಸಾಹೇಬರ ಸಹಿ

ಶುಕ್ರವಾರ ಪ್ರಾಥಮಿಕ ಶಾಲೆಗೆ ತಪಾಸಣೆಗೆ ಬಂದ ಸಾಹೇಬರು, ಕೈತೋಟದಲ್ಲಿ ಸಲಿಕೆ ಹಿಡಿದ ಮಕ್ಕಳನ್ನು ಕಂಡು ಕೆಂಡವಾದರು.

"ಮಣ್ಣು ಕೆದರೋದು, ಕೋಲಾಟ, ಹಾಡು. ಇದು ಯಾವ ಸೀಮೆ ಪಾಠ? ನಾಳೆಯಿಂದ ಎಲ್ಲ ಬಂದ್. ಊಟ ಆದಮೇಲೆ ಆದೇಶ ಬರೀತೀನಿ."

ಹೆಡ್‌ಮೇಡಂ ತಲೆ ತಗ್ಗಿಸಿದರು. ಅಡುಗೆಯ ಹುಲಿಗೆಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಶಾಲೆ ಅಂದರೆ ಅಳುತ್ತಿದ್ದ ಅವಳ ಮೊಮ್ಮಗಳು ಆ ತೋಟ, ಕೋಲಾಟದ ಆಸೆಗೇ ಈಗ ಓಡಿ ಬರುತ್ತಿದ್ದಳು. ಜನ್ಮದಲ್ಲಿ ಒಂದು ಬೀಜವನ್ನೂ ಬಿತ್ತದವರಿಗೆ ಅದೆಲ್ಲಿ ತಿಳಿಯಬೇಕು? ಆದರೂ ಹುಲಿಗೆಮ್ಮ ಸಾಹೇಬರಿಗೆ ತಟ್ಟೆ ಹಾಕಿದಳು.

ಸಾಹೇಬರು ಸೊಪ್ಪಿನ ಸಾರನ್ನು ಮೂರು ಸಲ ಬಡಿಸಿಕೊಂಡರು. ಬಿಸಿಯೂಟ ಉಂಡ ಅಧಿಕಾರಿಗಳು ರುಚಿ ಪುಸ್ತಕದಲ್ಲಿ ಅಭಿಪ್ರಾಯ ಬರೆಯುವುದು ರೂಢಿ. ಅವಳು ಪುಸ್ತಕ ತಂದಿಟ್ಟಳು. ಅವರು ಬರೆದರು: "ಸಾರು ಅತ್ಯುತ್ತಮ. ಪ್ರತಿ ವಾರ ತಪ್ಪದೆ ಮಾಡತಕ್ಕದ್ದು." ಕೆಳಗೆ ಸಹಿಯೂ ಬಿತ್ತು.

"ಹಂಗಾರ ಮಕ್ಕಳ ಕೈಗೆ ಸಲಿಕೆ ಕೊಡ್ರಿ ಮೇಡಂ," ಅಂದಳು ಹುಲಿಗೆಮ್ಮ. "ಈ ಸೊಪ್ಪು ಅವರು ಬೆಳೆದದ್ದು. ಸಾಹೇಬ್ರ ಹುಕುಂ ಆತಲ್ಲ."

"ನಾನು ಬರೆದದ್ದು ಸಾರಿಗೆ, ತೋಟಕ್ಕಲ್ಲ."

"ಸೊಪ್ಪಿಲ್ಲದ ಸೊಪ್ಪಿನ ಸಾರು ನನಗ ಬರಂಗಿಲ್ರಿ. ತೋಟ ಬಂದ್ ಅಂತ ಇನ್ನೊಂದು ಬರೀರಿ ಬೇಕಾದ್ರ. ಒಂದೇ ದಿನ ಎರಡು ಮಾತ್ಯಾಕ ಅಂತ ನಿಮ್ಮ ಮೇಲಿನವರು ಕೇಳಿದ್ರ ನೀವೇ ಹೇಳ್ಕೊಳ್ರಿ."

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು.

"ಕೋಲಾಟ ಯಾಕೆ ಮತ್ತೆ?" ಅಂದರು, ಸಣ್ಣ ದನಿಯಲ್ಲಿ.

"ಮೂರು ಸಲ ಉಂಡದ್ದು ಅರಗಬೇಕಲ್ರಿ."

ಹೆಡ್‌ಮೇಡಂ ರುಚಿ ಪುಸ್ತಕ ಮುಚ್ಚಿ ಎತ್ತಿಟ್ಟರು. ಅಂಗಳದಲ್ಲಿ ಮೊಮ್ಮಗಳು ಆಗಲೇ ಕೋಲು ಹಿಡಿದು ನಿಂತಿದ್ದಳು.