ಗೇರ್ ಬೀಳಲಿಲ್ಲ, ಭರಮಪ್ಪ ಬಿಡಲಿಲ್ಲ

ಭರಮಪ್ಪನ ಹತ್ತಿರ ಒಂದು ಟೆಂಪೋ ಇತ್ತು. ಅದೇ ಅವನ ದೇವರು. ಹತ್ತುವ ಮುಂಚೆ ಚಪ್ಪಲಿ ಕಳಚುತ್ತಿದ್ದ. ಸೀಟಿನ ಕೆಳಗೆ ತಳ್ಳುತ್ತಿದ್ದ. ಸ್ಟೇರಿಂಗಿಗೆ ಕೈ ಮುಗಿಯುತ್ತಿದ್ದ. ಆಮೇಲೆ ದಾರಿಯುದ್ದಕ್ಕೂ ಟೆಂಪೋವನ್ನೇ ಬೈಯುತ್ತಿದ್ದ.

ಅವತ್ತು ಟೆಂಪೋ ತುಂಬ ಐಸ್‌ಕ್ಯಾಂಡಿ. ದಿಬ್ಬದ ಮೇಲೆ ಶಾಲೆ. ಶಾಲೆಯ ಮುಂದೆ ಮಕ್ಕಳು ಕಾಯುತ್ತಿದ್ದರು. ದಿಬ್ಬದ ಬುಡದಲ್ಲಿ ಎಮ್ಮೆ ಅಡ್ಡ ಬಂತು. ಭರಮಪ್ಪ ಗಕ್ಕನೆ ಬ್ರೇಕ್ ಹಾಕಿದ. ಎಮ್ಮೆ ಹೋಯಿತು. ಫಸ್ಟ್ ಗೇರೂ ಹೋಯಿತು.

ಗೇರ್ ರಾಡ್ ತಳ್ಳಿದ. ಕರ್ರ್. ಎಳೆದ. ಕರ್ರ್. ಗೇರ್ ಬೀಳಲಿಲ್ಲ. ಹಿಂದೆ ಐಸ್‌ಕ್ಯಾಂಡಿ ಕರಗತೊಡಗಿತು. ತೊಟ್.

"ಗೇರಣ್ಣಾ, ಯಾಕ ಬೀಳವಲ್ಲಿ? ನೀ ಬೀಳವಲ್ಲಿ, ಗಾಡಿ ಏರವಲ್ದು, ಮಕ್ಕಳಿಗೆ ಐಸ್ ಇಲ್ಲ."

"ನಾ ಹ್ಯಾಂಗ ಬೀಳ್ಲಿ? ಕ್ಲಚ್ ಬಿಡವಲ್ದು."

ಭರಮಪ್ಪ ಗೇರನ್ನು ಬೈದ. ಕ್ಲಚ್ಚನ್ನು ಕೇಳಿದ.

"ಕ್ಲಚ್ಚಕ್ಕಾ, ಯಾಕ ಬಿಡವಲ್ಲಿ? ನೀ ಬಿಡವಲ್ಲಿ, ಗೇರ್ ಬೀಳವಲ್ದು, ಗಾಡಿ ಏರವಲ್ದು, ಮಕ್ಕಳಿಗೆ ಐಸ್ ಇಲ್ಲ."

"ನಾ ಹ್ಯಾಂಗ ಬಿಡ್ಲಿ? ಕೇಬಲ್ ಎಳೀವಲ್ದು."

ತೊಟ್, ತೊಟ್. ಭರಮಪ್ಪ ಕ್ಲಚ್ಚನ್ನು ಬೈದ. ಕೇಬಲ್ಲನ್ನು ಕೇಳಿದ.

"ಕೇಬಲ್ ಮಾಮಾ, ಯಾಕ ಎಳೀವಲ್ಲಿ? ನೀ ಎಳೀವಲ್ಲಿ, ಕ್ಲಚ್ ಬಿಡವಲ್ದು, ಗೇರ್ ಬೀಳವಲ್ದು, ಗಾಡಿ ಏರವಲ್ದು, ಮಕ್ಕಳಿಗೆ ಐಸ್ ಇಲ್ಲ."

"ನಾ ಹ್ಯಾಂಗ ಎಳೀಲಿ? ಪೆಡಲ್ ಪೂರ್ತಿ ಇಳೀವಲ್ದು."

ತೊಟ್, ತೊಟ್, ತೊಟ್. ಮಕ್ಕಳ ಮುಖ ನೆನೆದು ಭರಮಪ್ಪನಿಗೆ ಸಂಕಟವಾಯಿತು. ಆದರೂ ಕೇಬಲ್ಲನ್ನು ಬೈಯುವುದು ಬಿಡಲಿಲ್ಲ. ಬೈದು ಪೆಡಲ್ಲನ್ನು ಕೇಳಿದ.

"ಪೆಡಲವ್ವಾ, ಯಾಕ ಇಳೀವಲ್ಲಿ? ನೀ ಇಳೀವಲ್ಲಿ, ಕೇಬಲ್ ಎಳೀವಲ್ದು, ಕ್ಲಚ್ ಬಿಡವಲ್ದು, ಗೇರ್ ಬೀಳವಲ್ದು, ಗಾಡಿ ಏರವಲ್ದು, ಮಕ್ಕಳಿಗೆ ಐಸ್ ಇಲ್ಲ."

"ನಾ ಹ್ಯಾಂಗ ಇಳೀಲಿ? ನನ್ನ ಕೆಳಗ ಯಾವನೋ ಅಡ್ಡ ಮಲಗ್ಯಾನ. ಏಳವಲ್ಲ."

ಭರಮಪ್ಪನ ಸಿಟ್ಟು ನೆತ್ತಿಗೇರಿತು. "ಯಾಂವ ಅಂವ, ನನ್ನ ದೇವರ ಗಾಡ್ಯಾಗ ಮಲಗಾಂವ?"

ಬಗ್ಗಿದ. ಕೈ ಹಾಕಿದ. ಹಿಡಿದು ಎಳೆದ. ಬಂತು ಒಂದು ಚಪ್ಪಲಿ. ಅವನದೇ ಚಪ್ಪಲಿ.

"ಏ ಚಪ್ಪಲೀ, ಯಾಕ ಇಲ್ಲಿ ಮಲಗೀದಿ? ನೀ ಮಲಗೀದಿ, ಪೆಡಲ್ ಇಳೀವಲ್ದು, ಕೇಬಲ್ ಎಳೀವಲ್ದು, ಕ್ಲಚ್ ಬಿಡವಲ್ದು, ಗೇರ್ ಬೀಳವಲ್ದು, ಗಾಡಿ ಏರವಲ್ದು, ಮಕ್ಕಳಿಗೆ ಐಸ್ ಇಲ್ಲ."

"ನಾ ಎಲ್ಲಿ ಹೋಗ್ಲಿ? ನೀನ ಕಳಚಿದಿ. ನೀನ ತಳ್ಳಿದಿ. ನೀನ ಬ್ರೇಕ್ ಹಾಕಿದಿ. ನಾ ಜಾರಿದೆ."

ಭರಮಪ್ಪ ಆ ಕಡೆ ನೋಡಿದ. ಈ ಕಡೆ ನೋಡಿದ. ಬೈಯಲು ಇನ್ಯಾರೂ ಉಳಿದಿರಲಿಲ್ಲ.

ಎರಡೂ ಚಪ್ಪಲಿ ಮೆಟ್ಟಿಕೊಂಡ. "ಭಕ್ತಿ ಮನಸಿನ್ಯಾಗ ಇದ್ರ ಸಾಕು" ಎಂದು ಸ್ಟೇರಿಂಗಿಗೆ ಹೇಳಿದ. ಪೆಡಲ್ ಒತ್ತಿದ.

ಚಪ್ಪಲಿ ಎದ್ದಿತ್ತು, ಪೆಡಲ್ ಇಳಿಯಿತು. ಪೆಡಲ್ ಇಳಿಯಿತು, ಕೇಬಲ್ ಎಳೆಯಿತು. ಕೇಬಲ್ ಎಳೆಯಿತು, ಕ್ಲಚ್ ಬಿಟ್ಟಿತು. ಕ್ಲಚ್ ಬಿಟ್ಟಿತು, ಗೇರ್ ಬಿತ್ತು. ಗೇರ್ ಬಿತ್ತು, ಗಾಡಿ ಏರಿತು. ಗಾಡಿ ಏರಿತು, ಮಕ್ಕಳಿಗೆ ಐಸ್ ಬಂತು. ಅರ್ಧ ಕರಗಿತ್ತು, ಅರ್ಧ ಉಳಿದಿತ್ತು.

"ಯಾಕ ತಡಾ ಆತು, ಮಾಮಾ?" ಮಕ್ಕಳು ಕೇಳಿದರು.

"ಭಾಳ ದೊಡ್ಡ ರಿಪೇರಿ. ಗೇರಿನ ತಪ್ಪು, ಕ್ಲಚ್ಚಿನ ತಪ್ಪು, ಕೇಬಲ್ಲಿನ ತಪ್ಪು, ಪೆಡಲ್ಲಿನ ತಪ್ಪು."

ಎಲ್ಲರಿಗಿಂತ ಸಣ್ಣವಳು ರೇಣವ್ವ. ಅವಳು ಕೇಳಿದಳು, "ಮಾಮಾ, ನಿಮ್ದು ಯಾವ ತಪ್ಪು?"

ಭರಮಪ್ಪ ಅವಳ ಎರಡೂ ಕೈಗೆ ಒಂದೊಂದು ಐಸ್‌ಕ್ಯಾಂಡಿ ಕೊಟ್ಟ. "ಲಗೂನ ತಿನ್ನವ್ವಾ, ಕರಗತೈತಿ."

ರೇಣವ್ವನ ಬಾಯಿ ತುಂಬಿತು. ಮತ್ತೆ ಅವಳು ಏನೂ ಕೇಳಲಿಲ್ಲ.