ದೋಣಿ ಕಾಯುವ ಮಾತು

"ಕಂಪ್ಯೂಟರ್ ಆನ್ ಮಾಡಿದಾಗ ಅದರ ಕೆಲಸಗಳನ್ನು ಶುರುಮಾಡುವ ಒಂದೊಂದು ಸ್ಕ್ರಿಪ್ಟೂ ಪರದೆಯ ಮೇಲೆ ಒಂದೊಂದು ರಾಗ ಎಳೆಯುತ್ತಿತ್ತು, ಮೇಡಂ. ಈಗ ಎಲ್ಲವೂ ತಮ್ಮ ಹೆಸರು ಹೇಳಿ 'ಆಯಿತು' ಎನ್ನುತ್ತವೆ. ನಾಳೆ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಇದನ್ನೇ ಹಾಕಲೇ?" ಎಂದು ಇಂದುಧರ ಕೇಳಿದ.

ಗುರು ಪದ್ಮಾಂಬಿಕೆ ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಹೆಂಗಸು ಮರಳದಿಬ್ಬಗಳ ನಡುವೆ ದಾರಿ ತಪ್ಪಿದಳು. ಎದುರಾದ ಮೀನುಗಾರನನ್ನು, "ಬಂದರು ಎಲ್ಲಿದೆಯಣ್ಣ?" ಎಂದು ಕೇಳಿದಳು.

"ಬಂದರಿಗೆ ಬೆನ್ನು ಹಾಕಿ ನಿಂತು ಬಂದರು ಕೇಳ್ತೀರಲ್ಲ ಅಕ್ಕ! ತಿರುಗಿ ಓಡಿ."

ಓಡಿದಳು. ಅವಳು ಹತ್ತಬೇಕಿದ್ದ ದೋಣಿಯ ಯಜಮಾನ ಅವಳೊಬ್ಬಳಿಗಾಗಿ ಕಾದಿದ್ದ. ಈ ಋಣ ತೀರಿಸದೆ ಇಳಿಯಬಾರದೆಂದು ಅವಳು ನಿಶ್ಚಯಿಸಿದಳು.

ಯಜಮಾನ "ಎಲ್ಲ ಸರಿಯೇ?" ಎಂದು ಕೂಗಿದ. ಹಾಯಿಯವನು ಸಿಳ್ಳೆ ಹಾಕಿದ. ಚುಕ್ಕಾಣಿಯವನು ಕೆಮ್ಮಿದ. ಲಂಗರಿನವನು ಸುಮ್ಮನಿದ್ದ. ಅದನ್ನು ಒಪ್ಪಿಗೆಯೆಂದೇ ತಿಳಿದು ಯಜಮಾನ ದೋಣಿ ಬಿಡಿಸಿದ. ಲಂಗರು ಇನ್ನೂ ಮರಳಲ್ಲೇ ಇತ್ತು. ದೋಣಿ ಮುಗ್ಗರಿಸಿತು.

ಹತ್ತಾರು ಬಂದರು ಕಂಡವಳಿಗೆ ತಡೆಯಲಾಗಲಿಲ್ಲ. "ಇದೇನು ದೋಣಿಯೋ, ಮದುವೆ ಮನೆಯೋ? ಒಬ್ಬೊಬ್ಬರೂ ಕೆಲಸದ ಹೆಸರು ಹೇಳಿ. ಆಮೇಲೆ 'ಆಯಿತು' ಅನ್ನಿ."

ಮುಂದಿನ ಬಂದರಿನಲ್ಲಿ ಹಾಗೇ ಮಾಡಿದರು. ಹಾಯಿ, ಆಯಿತು. ಲಂಗರು, ಆಯಿತು. ತಳದ ಬಿರಡೆ, ಆಯಿತು. ಕೇಳಲು ಇಂಪಾಗಿತ್ತು. ಋಣ ತೀರಿತೆಂದು ಅವಳು ಕಾಲು ಚಾಚಿ ಕುಳಿತಳು.

ನಡುಗಡಲಲ್ಲಿ ಆ ಕಾಲು ನೆನೆಯಿತು.

"ತಳದ ತೂತಿಗೆ ಬಿರಡೆ ಹಾಕಲಿಲ್ಲವೇನೋ?" ಎಂದು ಬಿರಡೆಯ ಆಳನ್ನು ಕೇಳಿದಳು.

"ಹಾಕಿದೆ ಅಕ್ಕ. ಸರಿಯಾಗಿ ಕೂರಲಿಲ್ಲ."

"ಮತ್ತೆ 'ಆಯಿತು' ಅಂದೆಯಲ್ಲ!"

"ನೀವು ಕಲಿಸಿದ್ದು ಅದೊಂದೇ ಮಾತು."

ಅವಳು ಸೆರಗನ್ನು ಸೊಂಟಕ್ಕೆ ಬಿಗಿದಳು. ಅಂಗೈಯಲ್ಲಿ ಬೊಬ್ಬೆ ಎದ್ದರೂ ನೀರು ಮೊಗೆಯುವುದನ್ನು ನಿಲ್ಲಿಸಲಿಲ್ಲ. ದೋಣಿ ಹೇಗೋ ದಡ ಮುಟ್ಟಿತು. ಅಲ್ಲಿ ಅವಳು ಎಲ್ಲರಿಗೂ ಎರಡನೆಯ ಮಾತು ಕಲಿಸಿದಳು. 'ಆಗಲಿಲ್ಲ.' ಆ ಮಾತು ಕಿವಿಗೆ ಬಿದ್ದರೆ ದೋಣಿ ಕಾಯಬೇಕು, ಹಿಂದೆ ತನಗಾಗಿ ಕಾದ ಹಾಗೆ. ಯಜಮಾನ ಒಪ್ಪುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

ಮರುದಿನ ಅದೇ ಆಳು ಎಲ್ಲರೆದುರು, "ತಳದ ಬಿರಡೆ, ಆಗಲಿಲ್ಲ" ಎಂದ. ಯಾರೂ ನಗಲಿಲ್ಲ. ದೋಣಿ ಕಾಯಿತು. ಅವಳ ಋಣ ತೀರಿದ್ದು ಆಗ.

ಕತೆ ಮುಗಿಯಿತು.

ಪದ್ಮಾಂಬಿಕೆ ಪರದೆಯತ್ತ ನೋಡಿ ಕೇಳಿದರು: "ನಿನ್ನ ಸ್ಕ್ರಿಪ್ಟುಗಳಿಗೆ ಎರಡನೆಯ ಮಾತು ಬರುತ್ತದೆಯೇ?"