ದಡದಲ್ಲಿ ಉಳಿದ ಕಿವಿ

“ಗುರುಗಳೇ, ಈಜು ಬಲ್ಲವರಲ್ಲೂ ಕೆಲವರಿಗೆ ನೀರಿನ ಮೇಲೆ ಸುಮ್ಮನೆ ತೇಲಲು ಆಗುವುದಿಲ್ಲ. ನನಗೂ ಆಗುವುದಿಲ್ಲ. ಇದು ಪೂರ್ವಜನ್ಮದ ಕರ್ಮವೇ?” ಎಂದು ಶಿಷ್ಯ ಕೇಳಿದ.

“ಇಷ್ಟಕ್ಕೆಲ್ಲ ಪೂರ್ವಜನ್ಮವನ್ನು ಎಬ್ಬಿಸಬೇಡ,” ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಪೈಲ್ವಾನನಿದ್ದ. ಅವನು ಅಂಬಿಗನೊಬ್ಬನ ಮಗಳನ್ನು ಮೆಚ್ಚಿದ. ಅವಳೂ ಮೆಚ್ಚಿದಳು. ಆದರೆ ಅಂಬಿಗರ ಕೇರಿಯಲ್ಲಿ ಒಂದು ಪದ್ಧತಿಯಿತ್ತು. ಮಾವನಾಗುವವನು ದಡದಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಾನೆ. ಅವನು ಅದನ್ನು ಅಗಿದು ಉಗುಳುವವರೆಗೆ ಅಳಿಯನಾಗುವವನು ಹೊಳೆಯ ಮಡುವಿನಲ್ಲಿ ಕೈಕಾಲು ಆಡಿಸದೆ ಅಂಗಾತ ತೇಲಬೇಕು. ಹರಿಗೋಲು ಮಗುಚಿದಾಗ ಗಾಬರಿಯಿಂದ ಬಡಿದಾಡುವವನಿಗೆ ಅವರು ಹೆಣ್ಣು ಕೊಡುವುದಿಲ್ಲ. ಹೊತ್ತು ಮುಳುಗುವವರೆಗೆ ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು. ಆಮೇಲೆ ಸಂಬಂಧ ಮುರಿದಂತೆ.

ಪೈಲ್ವಾನ ತುಂಬಿದ ಹೊಳೆಯನ್ನೇ ಈಜಿ ದಾಟಿದವನು. ಇದೇನು ಮಹಾ ಎಂದು ನೀರಿನ ಮೇಲೆ ಮಲಗಿದ. ಮುಳುಗಿದ. ಮತ್ತೆ ಮಲಗಿದ, ಮತ್ತೆ ಮುಳುಗಿದ. ಊರೆಲ್ಲ ದಡದಲ್ಲಿ ನಿಂತಿತ್ತು. ಯಾರಾದರೂ ನಕ್ಕರೆ ಅವನ ತಲೆ ಮೇಲೇಳುತ್ತಿತ್ತು. ಯಾರಾದರೂ ಹೊಗಳಿದರೆ ಇನ್ನೂ ಬೇಗ ಏಳುತ್ತಿತ್ತು. ತಲೆ ಎದ್ದೊಡನೆ ಕಾಲು ಕೆಳಗಿಳಿಯುತ್ತಿತ್ತು.

“ಮಾವ, ನನ್ನ ಮೈಯೇ ಭಾರ. ಎಲುಬು ಗಟ್ಟಿ,” ಎಂದ ಪೈಲ್ವಾನ.

“ಭಾರವೇನೋ ಹೌದು. ಎದೆ ತುಂಬ ಉಸಿರೂ ಇದೆಯಲ್ಲಪ್ಪ. ಮೈಯೆಲ್ಲ ನೀರಿಗೆ ಕೊಟ್ಟಿದ್ದೀಯ, ಕಿವಿಯನ್ನು ಮಾತ್ರ ದಡದಲ್ಲೇ ಬಿಟ್ಟು ಹೋಗಿದ್ದೀಯ,” ಎಂದ ಅಂಬಿಗ.

“ಬೇಗ ಮುಳುಗಿಸು ಮಾರಾಯ ಆ ಕಿವಿಗಳನ್ನ,” ಎಂದಳು ಮಗಳು. “ಸುಣ್ಣ ತಿಂದು ತಿಂದು ಅಪ್ಪನ ನಾಲಗೆ ಬೆಂದುಹೋಗಿದೆ.”

ಹೊತ್ತು ಇಳಿದಿತ್ತು. ಪೈಲ್ವಾನ ಎದೆ ತುಂಬ ಉಸಿರೆಳೆದು, ತಲೆಯನ್ನು ಹಿಂದಕ್ಕೆ ಚೆಲ್ಲಿ, ಕಿವಿಗಳನ್ನು ನೀರಿಗೆ ಬಿಟ್ಟ. ದಡದ ಸದ್ದು ನಿಂತಿತು. ಸೊಂಟ ಮೇಲೆ ಬಂತು. ಅದರ ಹಿಂದೆ ಕಾಲುಗಳೂ ಬಂದವು. ಅಂಬಿಗ ನಿಧಾನವಾಗಿ ಅಗಿದು ಉಗುಳಿದ. “ಸಾಕು ಬಾರಪ್ಪ, ಅಳಿಯ,” ಎಂದು ಕೂಗಿದ. ಅಳಿಯನಿಗೆ ಕೇಳಿಸಲಿಲ್ಲ. ಊರೇ ಕೂಗಿತು. ಅವನು ಮೋಡ ನೋಡುತ್ತ ತೇಲುತ್ತಿದ್ದ. ಕೊನೆಗೆ ಮಗಳೇ ಹರಿಗೋಲಿನಲ್ಲಿ ಹೋಗಿ, ಹುಟ್ಟುಗೋಲಿನಿಂದ ತಿವಿದು ಕರೆತಂದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಕ್ಕ. ಆಮೇಲೆ ಕೇಳಿದ: “ಆಗ ದಡದ ಜನ ಅವನ ಬಗ್ಗೆ ಏನೆಂದರು, ಗುರುಗಳೇ?”

“ನೋಡು, ನಿನ್ನ ಕಾಲು ಇಳಿಯಿತು,” ಎಂದರು ಗುರುಗಳು.